ಅಗಲ ಮಾಡುವ ಮುಂಚೆ

ಚನ್ನಗಿರಿ ಪುರಸಭೆಗೆ ಕಿರಿಯ ಎಂಜಿನಿಯರ್ ಆಗಿ ಸೇರಿದ್ದೀಯಂತೆ, ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬಹಳ ಸಂತೋಷವಾಯಿತು ಮಗಳೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಬುದ್ಧಿ ಹೇಳುವವರು ಊರ ತುಂಬ ಇರುತ್ತಾರೆ, ಗೊತ್ತು. ಆದರೂ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಅಳೆದೂ ಅಳೆದೂ ತಲೆ ನರೆಸಿಕೊಂಡ ನಿನ್ನ ದೊಡ್ಡಪ್ಪನಿಗೆ ಒಂದು ವಿಷಯ ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಕೇಳಿಸಿಕೋ, ಆಮೇಲೆ ನಿನಗೆ ಸರಿ ಕಂಡದ್ದನ್ನು ಮಾಡು.

ಇನ್ನೊಂದೆರಡು ತಿಂಗಳಲ್ಲಿ ನಿನ್ನ ಮೇಜಿಗೆ ಒಂದು ಮನವಿ ಬರುತ್ತದೆ. ‘ಅಪಘಾತಗಳು ಹೆಚ್ಚಾಗಿವೆ, ರಸ್ತೆ ಅಗಲೀಕರಣ ಮಾಡಿಕೊಡಬೇಕಾಗಿ ವಿನಂತಿ.’ ಕೆಳಗೆ ಅಂಗಡಿಯವರು, ಆಟೊ ಸಂಘದವರು, ಮಗನನ್ನು ಕಳೆದುಕೊಂಡ ಒಬ್ಬ ತಂದೆ, ಎಲ್ಲರ ಸಹಿ ಇರುತ್ತದೆ. ಅವರ ಸಂಕಟದಲ್ಲಿ ಸುಳ್ಳಿಲ್ಲ. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳು. ಆದರೆ ನೋವು ಹೇಳಿದವರು ಮದ್ದಿನ ಹೆಸರನ್ನೂ ತಾವೇ ಹೇಳಿಬಿಟ್ಟಿದ್ದಾರೆ ಎಂದ ಮಾತ್ರಕ್ಕೆ ಅದೇ ಮದ್ದು ಬರೆದುಕೊಡಬೇಡ. ಊರೊಳಗಿನ ರಸ್ತೆ ಅಗಲವಾದಷ್ಟೂ ಸುರಕ್ಷಿತ ಎನ್ನುವುದು ನಮ್ಮ ಕಡೆ ಬೇರು ಬಿಟ್ಟ ನಂಬಿಕೆ. ಜನ ಬಿಡು, ನಮ್ಮ ಎಂಜಿನಿಯರುಗಳಲ್ಲೇ ಅರ್ಧಕ್ಕರ್ಧ ಮಂದಿಗೆ ಅದಿದೆ.

ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಕೋಟೆ ಗುಡ್ಡ ಹತ್ತು. ರಂಗನಾಥನ ಗುಡಿ ಹತ್ತಿರ ನಿಂತು ಕೆಳಗೆ ನೋಡು. ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹೊಳಲ್ಕೆರೆ, ಎಲ್ಲ ಕಡೆಯ ದಾರಿಗಳೂ ಬಂದು ಸೇರುವ ಊರು ನಮ್ಮದು. ಅಡಿಕೆ ಹೇರಿದ ಲಾರಿ, ಖಾಸಗಿ ಬಸ್ಸು, ಟ್ರ್ಯಾಕ್ಟರು, ಸ್ಕೂಟಿಯಲ್ಲಿ ಮೂವರು ಹುಡುಗರು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು, ಎಲ್ಲರಿಗೂ ಅದೇ ಒಂದು ಟಾರು ಪಟ್ಟಿ. ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ ಹೊರಟ ಲಾರಿಯವನಿಗೆ ಚನ್ನಗಿರಿ ಎಂದರೆ ಎರಡು ನಿಮಿಷದ ಅಡ್ಡಿ. ರಸ್ತೆ ಆಚೆಯ ಶಾಲೆಗೆ ಹೋಗುವ ಮಗುವಿಗೆ ಅದೇ ಇಡೀ ಊರು. ಹೊನ್ನಾಳಿಯಲ್ಲೂ ಇದೇ ಕಥೆ: ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ಗಾಡಿಗಳು ತುಂಗಭದ್ರೆ ದಡದ ಆ ಊರೊಳಗೇ ಹಾಯುತ್ತವೆ. ಜಗಳೂರಿನ ಬಯಲಿನಲ್ಲಿ ರಸ್ತೆ ಕಣ್ಣು ಹಾಯುವವರೆಗೂ ನೆಟ್ಟಗೆ ಬಿದ್ದಿರುತ್ತದೆ. ಅರ್ಧ ಗಂಟೆ ಎಂಬತ್ತರಲ್ಲಿ ಬಂದ ಚಾಲಕನಿಗೆ ಊರೊಳಗೆ ಐವತ್ತಕ್ಕೆ ಇಳಿಸಿದರೆ ನಿಂತೇಬಿಟ್ಟಂತೆ ಅನ್ನಿಸುತ್ತದೆ. ಅದು ಅವನ ಕೊಬ್ಬಲ್ಲ. ಕಣ್ಣು ವೇಗಕ್ಕೆ ಒಗ್ಗಿಹೋಗಿರುತ್ತದೆ, ಅಷ್ಟೆ. ಅವನಿಗೆ ‘ಇಲ್ಲಿಂದ ಊರು ಶುರು’ ಎಂದು ಹೇಳಬೇಕಾದದ್ದು ರಸ್ತೆಯ ಆಕಾರ. ‘ನಿಧಾನವಾಗಿ ಚಲಿಸಿ’ ಎಂಬ ಬೋರ್ಡಿನಿಂದ ಇದುವರೆಗೂ ಯಾವ ಲಾರಿಯ ಗೇರೂ ಬದಲಾಗಿಲ್ಲ.

ಲೆಕ್ಕ ಹೇಳುತ್ತೇನೆ, ಕಾಲೇಜಿನಲ್ಲಿ ಓದಿದ್ದೇ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಗಾಡಿ ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್ ಓಡುತ್ತದೆ. ಅಡ್ಡ ಬಂದವರನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ 17 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆ ಬ್ರೇಕಿದ್ದರೂ, ನಿಲ್ಲಲು ಇನ್ನೂ 20 ಮೀಟರ್ ಬೇಕು. 30ರಲ್ಲಿದ್ದರೆ ಎಲ್ಲ ಸೇರಿ 14 ಮೀಟರಿನೊಳಗೆ ನಿಂತುಬಿಡುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರು ಗುದ್ದುವ ವೇಗ 50ರಿಂದ 65ಕ್ಕೆ ಹೋದರೆ ನಡೆದು ಹೋಗುವವನು ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆ ಎನ್ನುವುದೂ ಅದರದ್ದೇ ಲೆಕ್ಕ.

ಈಗ ಅದೇ ಲೆಕ್ಕವನ್ನು ರಸ್ತೆ ದಾಟುವವರ ಕಡೆಯಿಂದ ಮಾಡು. ಆಸ್ಪತ್ರೆಗೆಂದು ಹಳ್ಳಿಯಿಂದ ಬಂದ ಅಜ್ಜಿ ಬಸ್ಸು ಇಳಿದಿದ್ದಾಳೆ. ಕೈಯಲ್ಲಿ ವೈರ್ ಬ್ಯಾಗು, ಮಂಡಿ ನೋವು, ಒಂದು ಕಣ್ಣಿಗೆ ಪೊರೆ. ಸೆಕೆಂಡಿಗೆ ಒಂದು ಮೀಟರೂ ನಡೆಯಲಾರಳು. 7 ಮೀಟರಿನ ರಸ್ತೆ ದಾಟಲು ಅವಳಿಗೆ ಎಂಟು ಸೆಕೆಂಡು ಬೇಕು. ಮನವಿಯಲ್ಲಿ ಕೇಳಿದಂತೆ ನೀನು ಅದನ್ನು 14 ಮೀಟರ್ ಮಾಡಿಕೊಟ್ಟೆ ಎನ್ನು. ಈಗ ಹದಿನಾರು ಸೆಕೆಂಡು. ಅಷ್ಟರಲ್ಲಿ 60ರ ವೇಗದ ಗಾಡಿ ಕಾಲು ಕಿಲೋಮೀಟರಿಗೂ ಹೆಚ್ಚು ದೂರ ಬಂದುಬಿಟ್ಟಿರುತ್ತದೆ. ಅಂದರೆ ಅಜ್ಜಿ ಕಾಲೆತ್ತಿ ಇಡುವ ಮುಂಚೆ ಅಷ್ಟು ದೂರದ ಗಾಡಿಯನ್ನು ಕಾಣಬೇಕು, ಅದರ ವೇಗ ಅಂದಾಜು ಮಾಡಬೇಕು, ಅದೂ ಎರಡೂ ಕಡೆಗೆ. ರಸ್ತೆ ಅಗಲವಾದದ್ದಕ್ಕೆ ಗಾಡಿ ಮೊದಲಿಗಿಂತ ಜೋರಾಗಿ ಬೇರೆ ಬರುತ್ತದೆ. ಮರುದಿನ ಪೇಪರಿನಲ್ಲಿ ‘ರಸ್ತೆ ದಾಟುವಾಗ ಅಜಾಗರೂಕತೆ’ ಎಂದು ಅಚ್ಚಾಗುತ್ತದೆ.

ಅಗಲ ಮಾಡಿದ ಮೇಲೆ ನಡುವೆ ಒಂದು ಡಿವೈಡರ್ ಬರುತ್ತದೆ, ಅದರ ಮೇಲೆ ಅಲಂಕಾರದ ದೀಪದ ಕಂಬ. ಉದ್ಘಾಟನೆಯ ಫೋಟೊಕ್ಕೆ ಚೆನ್ನಾಗಿರುತ್ತದೆ. ಡಿವೈಡರ್ ಕೆಟ್ಟದ್ದು ಎನ್ನುತ್ತಿಲ್ಲ. ಆದರೆ ಅಜ್ಜಿ ನಡುವೆ ನಿಂತು ಉಸಿರು ಬಿಡಲು ಅದರಲ್ಲಿ ಜಾಗ ಇದೆಯೋ? ಮುಕ್ಕಾಲು ಮೀಟರಿನ ಕಾಂಕ್ರೀಟ್ ಗೋಡೆ ಹತ್ತಿ ಇಳಿಯುವುದು ಅವಳಿಂದಾಗದ ಮಾತು. ಜನ ದಾಟುವ ಕಡೆಗಳಲ್ಲಿ ಡಿವೈಡರ್ ಕತ್ತರಿಸಿ, ನೆಲಮಟ್ಟದಲ್ಲೇ ಎರಡು ಮೀಟರ್ ಅಗಲದ ನಿಲ್ಲುವ ತಾವು ಬಿಡು. ಅವಳ ಹದಿನಾರು ಸೆಕೆಂಡು ಎಂಟು-ಎಂಟಾಗಿ ಒಡೆಯುತ್ತದೆ, ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ಇನ್ನೊಂದು ಮಾತು: ವಿರುದ್ಧ ದಿಕ್ಕಿನಲ್ಲಿ ಬೈಕ್ ಓಡಿಸುವವನನ್ನು ಎಲ್ಲರೂ ಬೈಯುತ್ತಾರೆ. ಬೈಯುವ ಮುಂಚೆ, ಎದುರಿನ ಪೆಟ್ರೋಲ್ ಬಂಕಿಗೆ ಹೋಗಲು ಅವನು ಎಷ್ಟು ದೂರ ಸುತ್ತಿ ಬರಬೇಕು ಎಂದು ಅಳೆ. ಮುಕ್ಕಾಲು ಕಿಲೋಮೀಟರ್ ಸುತ್ತಿಸುವ ನಕ್ಷೆ ಬರೆದವರ ಪಾಲೂ ಆ ತಪ್ಪಿನಲ್ಲಿದೆ.

ಹಾಗಾದರೆ ನಕ್ಷೆ ಎಲ್ಲಿಂದ ಶುರು ಮಾಡಬೇಕು? ನಾವೆಲ್ಲ ಕಲಿತದ್ದು ನಡುಗೆರೆಯಿಂದ. ನಡುವೆ ಒಂದು ಗೆರೆ, ಅಲ್ಲಿಂದ ಎಡಕ್ಕೂ ಬಲಕ್ಕೂ ಟಾರು, ಉಳಿದದ್ದರಲ್ಲಿ ಚರಂಡಿ, ಅದರ ಮೇಲೆ ಚಪ್ಪಡಿ, ಆ ಚಪ್ಪಡಿಗೇ ಫುಟ್‌ಪಾತ್ ಎಂದು ಹೆಸರು. ನೀನು ತಿರುಗಿಸಿ ಬರೆ. ಎರಡೂ ಬದಿಯ ಅಂಗಡಿ ಗೋಡೆಯಿಂದ ಒಳಗೆ ಬಾ. ಮೊದಲು ನಡೆಯುವವರ ಜಾಗ, ಆಮೇಲೆ ಕಂಬ, ಮರ, ಬಸ್ ನಿಲ್ದಾಣ, ಆಟೊ ನಿಲ್ದಾಣ, ಕೊನೆಗೆ ಉಳಿದದ್ದು ಗಾಡಿಗೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆ ತೆಗೆದು ನೋಡು. ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್, ವ್ಯಾಪಾರ ಪ್ರದೇಶದಲ್ಲಿ 2.5 ಮೀಟರ್, ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎಂದಿದೆ. ಈಗ ಟೇಪು ಹಿಡಿದು ಯಾವ ಊರಿನ ಫುಟ್‌ಪಾತನ್ನಾದರೂ ಅಳೆ. ಮೊಣಕಾಲೆತ್ತರಕ್ಕೆ ಒಂದು ಚಪ್ಪಡಿ, ಮುಂದೆ ಅಂಗಡಿಯವನ ಇಳಿಜಾರು, ಅದರಾಚೆ ಬೆಸ್ಕಾಂ ಟ್ರಾನ್ಸ್‌ಫಾರ್ಮರು, ಆಮೇಲೆ ಒಡೆದ ಚಪ್ಪಡಿಯ ಗುಂಡಿ. ನಡೆಯುವವನು ರಸ್ತೆಗೆ ಇಳಿಯದೆ ಇನ್ನೇನು ಮಾಡಿಯಾನು? ಸಂತೇಬೆನ್ನೂರಿನ ಪುಷ್ಕರಣಿಗೆ ಹೋದಾಗ ಮೆಟ್ಟಿಲು ನೋಡು. ಪಾಳೆಯಗಾರರ ಕಾಲದವರು ಮನುಷ್ಯನ ಕಾಲಿನ ಅಳತೆ ಇಟ್ಟುಕೊಂಡು ಕಲ್ಲು ಕೂರಿಸಿದ್ದಾರೆ. ನಮ್ಮ ಫುಟ್‌ಪಾತುಗಳನ್ನು ನೋಡಿದರೆ ಜಿರಾಫೆಯ ಅಳತೆ ತೆಗೆದುಕೊಂಡಂತಿದೆ.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ‘ಟೆಂಡರ್ ಶ್ಯೂರ್’ ಎಂಬ ಯೋಜನೆಯಲ್ಲಿ 2015ರ ಸುಮಾರಿಗೆ ಹೊಸದಾಗಿ ಮಾಡಿದರಲ್ಲ, ಅವನ್ನೊಮ್ಮೆ ನಡೆದು ನೋಡಿ ಬಾ. ಅಲ್ಲಿಯ ಕಲ್ಲುಹಾಸು ನೋಡಿ ಬೆರಗಾಗಬೇಡ, ಅಷ್ಟು ದುಡ್ಡು ನಮಗೆ ಬರುವುದಿಲ್ಲ. ನೋಡಬೇಕಾದದ್ದು ಎರಡು. ಒಂದು, ನೀರು, ಒಳಚರಂಡಿ, ಕರೆಂಟು, ಕೇಬಲ್ಲುಗಳನ್ನು ಮೊದಲು ನೆಲದೊಳಗೆ ಹಾಕಿ ಆಮೇಲೆ ಮೇಲ್ಮೈ ಮುಚ್ಚಿದರು, ಮುಚ್ಚಿದ್ದನ್ನು ಮತ್ತೆ ಮತ್ತೆ ಅಗೆಯುವ ಪಾಡು ಇರಬಾರದೆಂದು. ಇನ್ನೊಂದು, ಗಾಡಿಯ ದಾರಿ ರಸ್ತೆಯುದ್ದಕ್ಕೂ ಒಂದೇ ಅಗಲ. ನಮ್ಮ ಊರುಗಳಲ್ಲಿ ಜಾಗ ಸಿಕ್ಕಲ್ಲಿ ಉಬ್ಬಿ, ಸಿಗದಲ್ಲಿ ಸೊರಗಿ, ಮೂರು ಗಾಡಿ ಅಕ್ಕಪಕ್ಕ ಓಡಿ ಬಂದು ಇದ್ದಕ್ಕಿದ್ದಂತೆ ಎರಡರ ಜಾಗಕ್ಕೆ ನುಗ್ಗಬೇಕಾಗುತ್ತದೆ. ಬೈಕಿನವನು ಚಪ್ಪಟೆಯಾಗುವುದು ಅಲ್ಲಿಯೇ.

ಹೂವಿನವರು, ಬಾಳೆಹಣ್ಣಿನವರನ್ನು ಎಬ್ಬಿಸಿಬಿಡೋಣ ಎನ್ನುವವರೂ ಬರುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ, ಪಟ್ಟಣ ವ್ಯಾಪಾರ ಸಮಿತಿ ಎಂಬುದಿದೆ. ಅವರಿಗೊಂದು ಜಾಗ ಗೆರೆ ಎಳೆದು ಕೊಟ್ಟರೆ ಫುಟ್‌ಪಾತ್ ಉಳಿಯುತ್ತದೆ. ಎಬ್ಬಿಸಿದರೆ ಮೂರನೇ ದಿನ ರಸ್ತೆ ಮೇಲೆಯೇ ಕೂತಿರುತ್ತಾರೆ.

ಸರ್ಕಲ್ ಹೇಗೆ ಸರಿ ಮಾಡುವುದು ಎಂದು ಕನ್ಸಲ್ಟೆಂಟ್ ದೊಡ್ಡ ವರದಿ ಕೊಡುತ್ತಾನೆ, ಓದು. ಅದಕ್ಕೂ ಮುಂಚೆ ಒಂದು ಕೆಲಸ ಮಾಡು. ಮಳೆ ಬಿಟ್ಟ ಮೂರನೇ ದಿನ ಬೆಳಿಗ್ಗೆ, ಕಸ ಗುಡಿಸುವವರು ಬರುವ ಮುಂಚೆ, ಸರ್ಕಲ್ಲಿನ ಅಂಚಿನಲ್ಲಿ ನಿಂತು ನೆಲ ನೋಡು. ಗಾಡಿ ಚಕ್ರ ಹಾಯುವ ಕಡೆ ಟಾರು ಕರ್ರಗೆ ಹೊಳೆಯುತ್ತಿರುತ್ತದೆ. ಹಾಯದ ಕಡೆ ಮಳೆ ತಂದು ಬಿಟ್ಟ ಕೆಮ್ಮಣ್ಣು, ಮರಳು, ಬೀಡಿ ತುಂಡು, ಬಾಡಿದ ಹೂವು ಕೂತಿರುತ್ತದೆ. ಮೂಲೆಗಳಲ್ಲಿ ಆ ಮಣ್ಣು ಮುಕ್ಕೋನಾಕಾರದಲ್ಲಿ ನಿಂತಿರುತ್ತದೆ, ನಡುವೆ ಒಂದು ಮೊಟ್ಟೆಯಾಕಾರ. ಬಸ್ಸು ಲಾರಿ ಸಮೇತ ಊರಿನ ಗಾಡಿಗಳೆಲ್ಲ ಸೇರಿ, ‘ಇಷ್ಟು ಜಾಗ ನಮಗೆ ಬೇಡ’ ಎಂದು ಬರೆದುಕೊಟ್ಟ ನಕ್ಷೆ ಅದು. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು ಅಳತೆ ಬರೆದುಕೋ. ಆ ಮುಕ್ಕೋನಗಳನ್ನು ಫುಟ್‌ಪಾತಿಗೆ ಸೇರಿಸಿದರೆ ತಿರುವು ಬಿಗಿಯಾಗುತ್ತದೆ. ನಲವತ್ತರಲ್ಲಿ ಎಡಕ್ಕೆ ಹೊರಳುತ್ತಿದ್ದ ಬೈಕು ಹದಿನೈದಕ್ಕೆ ಇಳಿಯಲೇಬೇಕು, ಅಜ್ಜಿ ದಾಟುವ ದೂರವೂ ಕಡಿಮೆಯಾಗುತ್ತದೆ. ಆದರೆ ಕಬ್ಬಿನ ಟ್ರೇಲರೋ ಉದ್ದದ ಲಾರಿಯೋ ತಿರುಗುವುದನ್ನು ಒಮ್ಮೆ ಕಣ್ಣಾರೆ ನೋಡಿಯೇ ಕಲ್ಲು ಕೂರಿಸು. ಇಲ್ಲದಿದ್ದರೆ ಮೊದಲ ವಾರದಲ್ಲೇ ಹಿಂದಿನ ಚಕ್ರ ಅದನ್ನು ಪುಡಿ ಮಾಡಿರುತ್ತದೆ, ನಿನಗೆ ಇನ್ನೊಂದು ಸಲ ಯಾರೂ ದುಡ್ಡು ಕೊಡುವುದಿಲ್ಲ.

ಬಸ್ಸು, ಟೆಂಪೊ, ಲಗೇಜ್ ಆಟೊಗಳು ಸರ್ಕಲ್ಲಿನ ಬಾಯಲ್ಲೇ ನಿಲ್ಲುತ್ತವೆ. ನಿಲ್ದಾಣವನ್ನು ಸರ್ಕಲ್ ದಾಟಿದ ಮೇಲೆ, ಸ್ವಲ್ಪ ಮುಂದಕ್ಕೆ ಮಾಡು. ಸರ್ಕಲ್ಲಿಗೆ ಮುಂಚೆಯೇ ನಿಂತ ಬಸ್ಸಿನ ಮುಂದಿನಿಂದ ಮಗು ಓಡಿ ಬಂದರೆ, ಹಿಂದಿನಿಂದ ಬರುವ ಬೈಕಿನವನಿಗೆ ಮಗು ಕಾಣುವುದೇ ಇಲ್ಲ.

ಇನ್ನು ಹಂಪ್ಸ್. ಒಂದು ಸಾವಾದ ರಾತ್ರಿಯೇ ಊರವರು ಕಲ್ಲು ಮಣ್ಣು ಸುರಿದು ಒಂದು ಹಂಪ್ಸ್ ಎಬ್ಬಿಸಿಬಿಡುತ್ತಾರೆ. ಅವರ ಸಿಟ್ಟಿಗೆ ನಾನು ಏನೂ ಅನ್ನಲಾರೆ. ಆದರೆ ಬಣ್ಣವಿಲ್ಲ, ಬೋರ್ಡಿಲ್ಲ, ದೀಪವಿಲ್ಲ. ಒಂದಡಿ ಅಗಲ, ಮುಕ್ಕಾಲಡಿ ಎತ್ತರ. ಕತ್ತಲಲ್ಲಿ ಬಂದ ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಗಸು ತೊಡೆಯ ಮೇಲಿನ ಮಗುವಿನ ಸಮೇತ ನೆಲಕ್ಕೆ ಬೀಳುತ್ತಾಳೆ. ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಹಿತೆಯ 1988ರ ಆವೃತ್ತಿ ಹೇಳಿದ್ದ ಅಳತೆ ಇದು: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. 25ರ ವೇಗದಲ್ಲಿ ಬಂದವನಿಗೆ ಸುಖವಾಗಿ ಸಾಗಬೇಕು, ಜೋರಾಗಿ ಬಂದವನಿಗೆ ಮಾತ್ರ ಕುಲುಕಬೇಕು. 40 ಮೀಟರ್ ಮುಂಚೆಯೇ ಫಲಕ ಇರಬೇಕು. ಶಾಲೆ, ಆಸ್ಪತ್ರೆ ಮುಂದೆ ಇದಕ್ಕಿಂತ ಒಳ್ಳೆಯದು, ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿಬಿಡುವುದು. ಆಗ ಮಗು ರಸ್ತೆಗೆ ಇಳಿಯುವುದಿಲ್ಲ, ಗಾಡಿಯೇ ಮಗುವಿನ ಮಟ್ಟಕ್ಕೆ ಹತ್ತಿ ಇಳಿಯುತ್ತದೆ.

ಎಲ್ಲಿ ಮೊದಲು ಎಂದು ಕೇಳುತ್ತೀಯ. ಪೊಲೀಸ್ ಠಾಣೆಯ ರೈಟರ್ ಹತ್ತಿರ ಹೋಗಿ ಚಹಾ ಕುಡಿ. ಮೂರು ವರ್ಷದ ಅಪಘಾತದ ಎಫ್‌ಐಆರ್‌ಗಳನ್ನು ಕೇಳಿ ಪಡೆದುಕೋ. ಎಲ್ಲದರಲ್ಲೂ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂದೇ ಬರೆದಿರುತ್ತದೆ, ಅದನ್ನು ಬಿಡು. ಜಾಗ, ಹೊತ್ತು, ಯಾರಿಗೆ ಯಾವ ಗಾಡಿ ತಾಗಿತು, ಇಷ್ಟನ್ನು ಊರಿನ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟುಕೊಂಡು ಹೋಗು. ಸರ್ಕಾರದ ಲೆಕ್ಕದಲ್ಲಿ ‘ಕಪ್ಪುಚುಕ್ಕೆ’ ಎನಿಸಿಕೊಳ್ಳಲು 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ಭಾರಿ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು. ಆ ಅಳತೆ ಹೆದ್ದಾರಿಗೆ ಸರಿ. ನಮ್ಮಂಥ ಊರಿನಲ್ಲಿ ಸಾವು ಇಲ್ಲೊಂದು ಅಲ್ಲೊಂದು ಚದುರಿಕೊಂಡಿರುತ್ತದೆ, ಪಟ್ಟಿಗೆ ಸೇರುವುದೇ ಇಲ್ಲ. ಕಾಲು ಮುರಿದದ್ದು, ಹಲ್ಲು ಹೋದದ್ದು, ಕೇಸಾಗದೆ ಅಲ್ಲೇ ರಾಜಿಯಾದದ್ದು, ಇವೆಲ್ಲ ಸರ್ಕಲ್ಲಿನ ಹೋಟೆಲಿನವನಿಗೂ ಆಟೊದವರಿಗೂ ಗೊತ್ತಿರುತ್ತದೆ. ಅವರನ್ನೂ ಕೇಳು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿ ದ್ವಿಚಕ್ರ ವಾಹನದವರು, ಹತ್ತೊಂಬತ್ತು ಮಂದಿ ನಡೆದು ಹೋಗುತ್ತಿದ್ದವರು. ಕಾರಿನವರ ಅನುಕೂಲಕ್ಕೆಂದು ಅಗಲ ಮಾಡುವಾಗ ಈ ಲೆಕ್ಕ ಕಣ್ಣೆದುರಿಗಿರಲಿ.

ಬೇರೆ ದೇಶದವರು ಹುಟ್ಟಾ ಶಿಸ್ತಿನವರು, ನಮ್ಮ ಜನಕ್ಕೆ ಶಿಸ್ತಿಲ್ಲ ಎನ್ನುವ ಮಾತನ್ನು ಮೀಟಿಂಗಿನಲ್ಲಿ ಯಾರಾದರೂ ತೆಗೆದೇ ತೆಗೆಯುತ್ತಾರೆ. ಪುಟ್ಟ ನೆದರ್‌ಲ್ಯಾಂಡ್ಸಿನಲ್ಲಿ 1971ರ ಒಂದೇ ವರ್ಷ 3,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು, ಅದರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ತಂದೆತಾಯಿಗಳು ಬೀದಿಗಿಳಿದು ಕೂತರು. ಆಮೇಲೆ ಅಲ್ಲಿ ಬದಲಾದದ್ದು ಬೀದಿಗಳ ನಕ್ಷೆ. ಜನ ಅದೇ ಜನ.

ಮುಖ್ಯರಸ್ತೆ ನಿಮ್ಮ ಪುರಸಭೆಯದಲ್ಲ ಎಂದು ನೀನು ಹೇಳುವುದು ಗೊತ್ತು. ಟಾರು ಒಬ್ಬರದು, ಚರಂಡಿ ಮತ್ತು ದೀಪ ನಿಮ್ಮದು, ಕಂಬ ಬೆಸ್ಕಾಂನದು. ಒಬ್ಬರಿಗೊಬ್ಬರು ಪತ್ರ ಬರೆಯುವುದರಲ್ಲಿ ಮಾರ್ಚ್ ಮುಗಿದಿರುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ, ಎಲ್ಲ ಇಲಾಖೆಯವರೂ ಒಂದೇ ಕೋಣೆಯಲ್ಲಿ ಸಿಗುವುದು ಅಲ್ಲಿ. ನಿನ್ನ ಕೆಂಪು ಚುಕ್ಕೆಯ ನಕ್ಷೆಯನ್ನು ಮುಖ್ಯಾಧಿಕಾರಿಗಳ ಮೂಲಕ ಅಲ್ಲಿ ಮಂಡಿಸು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಎಂಬ ಕಲಂ ಸೇರಿದೆ. ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಮಾಡಿ, ಅದರಿಂದ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರನಿಗೂ, ವಿನ್ಯಾಸ ಮಾಡಿದವನಿಗೂ, ರಸ್ತೆಯ ಹೊಣೆ ಹೊತ್ತ ಕಚೇರಿಗೂ 1 ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಯಾರನ್ನೂ ಹೆದರಿಸಲು ಬಳಸಬೇಡ. ಸಹಿ ಹಾಕಬೇಕಾದಾಗ ನಿನಗೇ ನೆನಪಾದರೆ ಸಾಕು.

ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ನಿನ್ನ ಜೊತೆಯವರು ಇರುತ್ತಾರಲ್ಲ, ಅವರ ಕಿವಿಗೂ ಹಾಕು. ಜಗಳೂರು ಕಡೆ ಸುಗ್ಗಿ ಬಂತೆಂದರೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಹರಡಿ, ಅಂಚಿಗೆ ದಪ್ಪ ಕಲ್ಲು ಇಡುತ್ತಾರೆ. ರಾತ್ರಿ ಜೋಳ ರಾಶಿಯಾಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ರೈತನ ಮೇಲೆ ಕೇಸು ಹಾಕುವುದರಿಂದ ಅದು ನಿಲ್ಲುವುದಿಲ್ಲ, ಹಳ್ಳಿಗೊಂದು ಗಟ್ಟಿ ಕಣ ಬೇಕು. ಉದ್ಯೋಗ ಖಾತ್ರಿ ದುಡ್ಡಿನಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಪಂಚಾಯಿತಿಗಳು ಉಂಟು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಮಾಲಾಧಾರಿಗಳು ದೂರದೂರದಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಟಾರಿನ ಪಕ್ಕದ ಮಣ್ಣಿನ ಬದಿಯನ್ನು ಜನವರಿಯಲ್ಲೇ ಸಮ ಮಾಡಿ, ಜಾಲಿ ಕಡಿದು ನಡೆಯುವಂತೆ ಮಾಡಿದರೆ ಅವರು ಲಾರಿಯ ದಾರಿಗೆ ಇಳಿಯಬೇಕಿಲ್ಲ. ಹೊನ್ನಾಳಿ ಸುತ್ತ, ನಮ್ಮ ಭದ್ರಾ ಅಚ್ಚುಕಟ್ಟಿನಲ್ಲೂ, ನಾಲೆ ಏರಿಯ ಮೇಲೆ ಓಡುವ ರಸ್ತೆಗಳ ತಿರುವುಗಳಿಗೆ ತಡೆಗೋಡೆ, ಅದಕ್ಕೆ ರಾತ್ರಿ ಹೊಳೆಯುವ ಪಟ್ಟಿ, ಇಷ್ಟಾದರೂ ಬೇಕು. ನೀರಿಗೆ ಬಿದ್ದ ಗಾಡಿ ಬೆಳಗಾಗುವವರೆಗೂ ಯಾರಿಗೂ ಕಾಣುವುದಿಲ್ಲ.

ಕೊನೆಗೆ, ಒಮ್ಮೆಗೇ ಕಾಂಕ್ರೀಟ್ ಹಾಕಿಸಬೇಡ. ಮರಳು ತುಂಬಿದ ಡ್ರಮ್ಮು, ಹಳೆ ಟೈರು, ಬಿಳಿ ಬಣ್ಣ ಇಟ್ಟು ಒಂದು ತಿಂಗಳು ನೋಡು. ಅಂಗಡಿಯವರು ‘ಗಾಡಿ ನಿಲ್ಲಿಸಲು ಜಾಗ ಹೋಯಿತು, ವ್ಯಾಪಾರ ಹಾಳಾಯಿತು’ ಎನ್ನುತ್ತಾರೆ. ಅವರ ಜೊತೆಯಲ್ಲೇ ನಿಂತು, ಅಂಗಡಿಗೆ ಬರುವವರಲ್ಲಿ ಗಾಡಿಯಲ್ಲಿ ಬಂದವರೆಷ್ಟು, ನಡೆದು ಬಂದವರೆಷ್ಟು ಎಂದು ಎಣಿಸು. ಸಂತೆಯ ದಿನವೂ ಎಣಿಸು. ಡ್ರಮ್ಮು ಸರಿಯಾದ ಜಾಗದಲ್ಲಿಲ್ಲ ಎನಿಸಿದರೆ ಜರುಗಿಸಬಹುದು, ಕಾಂಕ್ರೀಟ್ ಜರುಗಿಸಲಾಗುವುದಿಲ್ಲ. ಕೌನ್ಸಿಲ್ಲಿನವರು ಆ ಒಂದು ತಿಂಗಳು ನಗುತ್ತಾರೆ, ನಗಲಿ.

ದೀಪಾವಳಿಗೆ ಬರುತ್ತೀಯಲ್ಲ, ಆಗ ನಕ್ಷೆ ತಗೊಂಡು ಬಾ, ಎಸ್ಟಿಮೇಟ್ ಆಮೇಲೆ ನೋಡೋಣ. ನನ್ನ ಮೂವತ್ತು ಮೀಟರಿನ ಸ್ಟೀಲ್ ಟೇಪು ಅಟ್ಟದ ಮೇಲಿದೆ, ನಿಮ್ಮ ದೊಡ್ಡಮ್ಮನ ಹತ್ತಿರ ಕೇಳಿ ಇಸಕೋ. ಮೊದಲ ಎರಡು ಮೀಟರು ತುಕ್ಕು ಹಿಡಿದಿದೆ, ಮೂರರಿಂದ ಹಿಡಿದು ಅಳೆ.